ಹೊರಟ ಮೇಲೆ ತಿರುಗಬಾರದು

ನಾಗರಬಾವಿಯಾಚೆ ಉಲ್ಲಾಳದ ಕಡೆ ಸೈಟು ತೋರಿಸುತ್ತಿದ್ದ ಬ್ರೋಕರುಗಳಿಗೆ ನಮ್ಮ ಸಾರ್ ಎಂದೂ ಅರ್ಥವಾಗಲಿಲ್ಲ. ಭಾನುವಾರ ಬೆಳಿಗ್ಗೆ ಹಳೇ ಸ್ಕೂಟರಿನಲ್ಲಿ ಬಂದು, ಹೊಸ ಲೇಔಟಿನ ನಡುವೆ ನಿಂತು, ಹುಬ್ಬಿನ ಮೇಲೆ ಕೈಯಿಟ್ಟುಕೊಂಡು ಆ ತುದಿಯಿಂದ ಈ ತುದಿಯವರೆಗೆ ನೋಡುವ ಮನುಷ್ಯ ಸೈಟು ಕೊಳ್ಳಲು ಬಂದವರಲ್ಲದೆ ಇನ್ಯಾರು? ಬ್ರೋಕರ್ ಓಡಿ ಬರುತ್ತಿದ್ದ.

"ಥರ್ಟಿ ಫಾರ್ಟಿ ಸಾರ್, ಈಸ್ಟ್ ಫೇಸಿಂಗ್. ಪಕ್ಕದಲ್ಲೇ ಬಸ್ ಸ್ಟಾಪು."

"ಗಾಳಿ ಯಾವ ಕಡೆಯಿಂದ ಬರತ್ತಪ್ಪ?"

"ಗಾಳಿನಾ? ಎಲ್ಲಾ ಕಡೆಯಿಂದ್ಲೂ ಬರತ್ತೆ ಸಾರ್. ಸೂಪರ್ ಗಾಳಿ."

"ಎಲ್ಲಾ ಕಡೆಯಿಂದ ಬಂದ್ರೆ ಕಷ್ಟ. ಉದ್ದ ಎಷ್ಟಿದೆ?"

"ನಲವತ್ತಡಿ ಸಾರ್."

"ಸಾಲಲ್ಲ. ಈ ಸಾಲು ಪೂರ್ತಿ ಬೇಕಾಗತ್ತೆ. ಅಗಲ ಸ್ವಲ್ಪ ಕಮ್ಮಿ ಆದ್ರೂ ನಡೆಯತ್ತೆ. ಆಮೇಲೆ ಆ ಕರೆಂಟ್ ಕಂಬ ಇದೆಯಲ್ಲ, ಅದನ್ನ ತೆಗೆಸೋಕಾಗತ್ತಾ?"

ಸಾಲು ಪೂರ್ತಿ ಬೇಕು ಎಂದ ಮೇಲೆ ಬ್ರೋಕರ್ ಸ್ಕೂಟರನ್ನು ನೋಡಿ, ಸಾರ್ ಅವರ ಹವಾಯಿ ಚಪ್ಪಲಿಯನ್ನು ನೋಡಿ, ದೊಡ್ಡ ಕುಳಗಳು ಹೀಗೇ ಇರುತ್ತಾರೆ ಎಂದು ತೀರ್ಮಾನಿಸಿ, ನಮಗೆಲ್ಲ ಎಳನೀರು ಕೊಡಿಸಿದ. ನಾವು ಎಂದರೆ ಅವರ ಶಿಷ್ಯರು, ಮೂರು ಜನ. ಎಳನೀರು ಕುಡಿದು, ಬಾಯೊರೆಸಿಕೊಂಡು, ಸಾರ್ ನಮ್ಮ ಕಡೆ ತಿರುಗಿ ಪಾಠ ಮುಗಿಸಿದರು. "ನೋಡಿದ್ರಲ್ಲ? ಮೇಲಿಂದ ತಂತಿ ಕಾಣಲ್ಲ. ಕಂಬ ಕಾಣತ್ತೆ. ಕಂಬ ನೋಡಿ, ತಂತಿ ಇದೆ ಅಂತ ತಿಳ್ಕೊಳಿ."

ಅವರು ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಕಡಿಮೆ ದರದ ವಿಮಾನಗಳು ಶುರುವಾಗಿ, ಬೀದಿಗೊಬ್ಬರಂತೆ ಪೈಲಟ್ ಆಗುತ್ತೇವೆಂದು ಹೊರಟಿದ್ದ ಕಾಲ ಅದು. ಅವರ ಮನೆ ಬಸವೇಶ್ವರನಗರದಲ್ಲಿ, ನಮ್ಮದು ವಿಜಯನಗರದಲ್ಲಿ, ಎರಡು ಸೀಟಿನ ಪುಟ್ಟ ವಿಮಾನಗಳಿದ್ದ ಮೈದಾನ ಊರಿನ ಇನ್ನೊಂದು ತುದಿಯಲ್ಲಿ. ದಾರಿಯ ಮೇಲೇ ಇದ್ದೀಯ ಎಂದು ದಿನಾ ಬೆಳಿಗ್ಗೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ದಾರಿಯ ಮೇಲೇನೂ ನಮ್ಮ ಮನೆ ಇರಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ.

ಹೋದ ತಿಂಗಳು ಮೈಸೂರಿನಿಂದ ಫೋನು ಬಂತು, ಸಾರ್ ಹೋದರು ಎಂದು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದರಂತೆ. ಅವರ ಬಗ್ಗೆ ಬರೆಯಬೇಕು ಅನ್ನಿಸಿತು, ಆದರೆ ಹೆಸರು ಬರೆಯುವುದಿಲ್ಲ. "ಪೇಪರಲ್ಲಿ ಪೈಲಟ್ ಹೆಸರು ಬಂತು ಅಂದ್ರೆ ಏನೋ ಬಿದ್ದಿದೆ ಅಂತಲೇ ಅರ್ಥ," ಎನ್ನುತ್ತಿದ್ದರು ಅವರು. ಬೀಳಿಸದೇ ಇದ್ದ ಮನುಷ್ಯನ ಹೆಸರನ್ನು ನಾನೇಕೆ ಬರೆಯಲಿ.

ಅವರ ಜೊತೆ ಎಲ್ಲಿಗೆ ಹೋದರೂ ನೆಮ್ಮದಿಯಿರಲಿಲ್ಲ. ಕಾರ್ಡ್ ರೋಡಿನಲ್ಲಿ ಸ್ಕೂಟರ್ ಹೋಗುತ್ತಿರುವಾಗ ಇದ್ದಕ್ಕಿದ್ದಂತೆ, "ಈಗ ಹೋಯ್ತು!" ಎಂದು ಕೂಗುತ್ತಿದ್ದರು. ಹೋಯಿತು ಎಂದರೆ ಇಂಜಿನ್ ಹೋಯಿತು. ನಾವು ಆಗಷ್ಟೇ ನೆಲ ಬಿಟ್ಟು ಮೇಲೇರುತ್ತಿದ್ದೇವೆ, ಇಂಜಿನ್ ನಿಂತಿದೆ, ಎಲ್ಲಿ ಇಳಿಸುತ್ತೀಯ? ತಕ್ಷಣ ಹೇಳಬೇಕು. ಹೋಟೆಲಿನಲ್ಲಿ ಇಡ್ಲಿ ಮುರಿಯುವಾಗ, ಮದುವೆ ಮನೆಯಲ್ಲಿ ಪಾಯಸ ಬಡಿಸುವಾಗ, ಎಲ್ಲಿಯಾದರೂ ಸರಿ, "ಈಗ ಹೋಯ್ತು!" ಒಮ್ಮೆ ಒಂದು ಛತ್ರದಲ್ಲಿ ಅವರು ಹೀಗೆ ಕೂಗಿದ್ದಕ್ಕೆ ಬಡಿಸುವವನು ಗಾಬರಿಯಾಗಿ, "ಇನ್ನೂ ಇದೆ ಸಾರ್, ಒಳಗಿಂದ ತರ್ತಾ ಇದಾರೆ" ಎಂದ.

ನಮ್ಮ ತಾರಸಿಯ ಮೇಲೆ ನಿಲ್ಲಿಸಿಯೂ ಕೇಳಿದ್ದರು. ವಿಜಯನಗರದ ತಾರಸಿಯಿಂದ ಏನು ಕಾಣುತ್ತದೆ? ನೀರಿನ ಟ್ಯಾಂಕು, ಒಣಹಾಕಿದ ಸೀರೆ, ಡಿಶ್ ಆಂಟೆನಾ. ನಾನು ತಡಬಡಾಯಿಸಿದೆ. ಅವರು ನಿಟ್ಟುಸಿರು ಬಿಟ್ಟರು. "ಇಲ್ಲಿ ಜಾಗ ಇಲ್ಲ ಕಣಮ್ಮ. ಜ್ಞಾನಭಾರತಿ ಕಡೆ ಹೋದ್ರೆ ಇನ್ನೂ ಸ್ವಲ್ಪ ಇದೆ." ಬೇರೆಯವರು ಖಾಲಿ ಜಾಗ ನೋಡಿ ಅಡಿಗೆಷ್ಟು ಎಂದು ಯೋಚಿಸುತ್ತಿದ್ದ ಊರಿನಲ್ಲಿ, ಅಲ್ಲಿ ವಿಮಾನ ಇಳಿಸಬಹುದೇ ಎಂದು ಯೋಚಿಸುತ್ತಿದ್ದವರು ಅವರೊಬ್ಬರೇ ಇರಬೇಕು. ನಾಗರಬಾವಿಯಲ್ಲಿ ಯಾರಾದರೂ ಗೃಹಪ್ರವೇಶಕ್ಕೆ ಕರೆದರೆ ಹೋಗಿ, ಊಟ ಮಾಡಿ, ಉಡುಗೊರೆ ಕೊಟ್ಟು, ಹೊರಗೆ ಬಂದು, "ಒಳ್ಳೇ ರನ್‌ವೇ ಇತ್ತು, ಹೋಯ್ತು" ಎಂದು ಕೊರಗುತ್ತಿದ್ದರು.

ಪಾಠ ಇಷ್ಟೇ. ಮೇಲೇರುವಾಗ ಇಂಜಿನ್ ನಿಂತರೆ ಮೊದಲು ಮೂಗು ಇಳಿಸಬೇಕು. ಮೂಗು ಎಂದರೆ ವಿಮಾನದ ಮುಂಭಾಗ. ಗಾಬರಿಯಾದ ಕೈ ಮೇಲಕ್ಕೇ ಎಳೆಯುತ್ತದೆ. ಎಳೆದರೆ ವೇಗ ಸಾಯುತ್ತದೆ, ವೇಗ ಸತ್ತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಮೂಗು ಇಳಿಸಿ, ಎದುರಿಗೆ ಇರುವುದರಲ್ಲೇ ಒಂದು ಜಾಗ ಹುಡುಕಿ, ಇಳಿಸಬೇಕು. ಬಿಟ್ಟುಬಂದ ರನ್‌ವೇಗೆ ಮಾತ್ರ ತಿರುಗಬಾರದು. ಅದು ಹಿಂದೆಯೇ ಇದೆ, ಅಗಲವಾಗಿದೆ, ನುಣ್ಣಗಿದೆ. ಆದರೆ ತಿರುಗುವಷ್ಟರಲ್ಲಿ ಇರುವ ಎತ್ತರವೆಲ್ಲ ಕರಗಿಹೋಗಿರುತ್ತದೆ.

"ಬಾ ಬಾ ಅಂತ ಕರೆಯತ್ತೆ ಕಣಮ್ಮ ಅದು. ಕಿವಿ ಕೊಡಬೇಡ. ಎತ್ತರ ಇದ್ರೆ ತಿರುಗು, ಬೇಡ ಅನ್ನಲ್ಲ. ಇಲ್ದಿದ್ರೆ ಹೊರಟ ಮೇಲೆ ತಿರುಗಬಾರದು."

ಇದನ್ನು ಅವರು ಕನ್ನಡದಲ್ಲೇ ಹೇಳುತ್ತಿದ್ದರು. ರೇಡಿಯೋದಲ್ಲಿ ಇಂಗ್ಲಿಷ್, ಪಕ್ಕದ ಸೀಟಿನಿಂದ ಕನ್ನಡ. "ಗಾಬರಿ ಆದಾಗ ಮೊದಲು ಓಡಿಹೋಗೋದೇ ಇಂಗ್ಲಿಷು," ಎಂಬುದು ಅವರ ಅನುಭವ. ಮೊದಲ ದಿನವೇ ಮೇಲೆ ಹೋದಾಗ, "ಮೂಗು ಇಳಿಸಮ್ಮ, ಎಷ್ಟು ಮೂಗು ಅದು!" ಎಂದು ಗದರಿಸಿದರು. ನನಗೆ ಮೂಗಿನ ತುದಿಯಲ್ಲೇ ಕೋಪವೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರಿಂದ, ಇವರಿಗೂ ಯಾರೋ ಚಾಡಿ ಹೇಳಿದ್ದಾರೆ ಎಂದುಕೊಂಡು, "ನಾನೇನ್ ಮಾಡ್ದೆ ಸಾರ್?" ಎಂದು ಜಗಳಕ್ಕೇ ನಿಂತೆ. ಅವರು ಎರಡು ಬೆರಳಿನಿಂದ ಕಂಟ್ರೋಲನ್ನು ಮುಂದಕ್ಕೆ ತಳ್ಳಿ, "ನಿನ್ನದಲ್ಲ, ಇದರದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನಿನ್ನದೂ" ಎಂದು ಸೇರಿಸಿದರು.

ಆಗಿನ್ನೂ ನಮ್ಮ ಅಜ್ಜಿ ಇದ್ದರು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವ ಹೊತ್ತಿಗೆ ಸರಿಯಾಗಿ ಸಾರ್ ಅವರ ಸ್ಕೂಟರ್ ಬರುತ್ತಿತ್ತು. ಅಜ್ಜಿಗೆ ಅವರ ಮೇಲೆ ಅಪಾರ ಗೌರವ. ಅದು ವಿಮಾನಕ್ಕಾಗಿ ಅಲ್ಲ, ಕೊಡೆಗಾಗಿ.

ಸಾರ್ ಅವರಿಗೆ ಎಲ್ಲಿ ಹೋದರೂ ಕೊಡೆ ಮರೆಯುವ ಅಭ್ಯಾಸ. ಮರೆತದ್ದು ಮುಂದಿನ ತಿರುವಿನಲ್ಲೇ ನೆನಪಾದರೂ ವಾಪಸು ಬರುತ್ತಿರಲಿಲ್ಲ. ಹೋಟೆಲು, ಕ್ಷೌರದಂಗಡಿ, ಬ್ಯಾಂಕು, ಶಿಷ್ಯರ ಮನೆಗಳು, ಎಲ್ಲೆಲ್ಲೂ ಅವರ ಕೊಡೆಗಳಿದ್ದವು. ಮತ್ತೊಮ್ಮೆ ಆ ಕಡೆ ಹೋದಾಗ ಸಿಕ್ಕರೆ ಸಿಕ್ಕಿತು. ಹೊರಟವರು ಅರ್ಧ ದಾರಿಯಿಂದ ಹಿಂದಕ್ಕೆ ಬರಬಾರದು, ಬಂದರೆ ಕೂತು ನೀರು ಕುಡಿದೇ ಮತ್ತೆ ಹೊರಡಬೇಕು, ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬ ಶಾಸ್ತ್ರಗಳನ್ನೆಲ್ಲ ನಾವು ಮನೆಮಂದಿ ಗಾಳಿಗೆ ತೂರಿದ್ದೆವು. ಇಂಗ್ಲಿಷ್ ಕಲಿತು ವಿಮಾನ ಹಾರಿಸುವ ಮನುಷ್ಯ ಇಷ್ಟು ನಿಷ್ಠೆಯಿಂದ ನಡೆದುಕೊಳ್ಳುವುದನ್ನು ನೋಡಿ ಅಜ್ಜಿಗೆ ಕಣ್ಣು ತುಂಬಿ ಬರುತ್ತಿತ್ತು.

"ನೋಡಿ ಕಲ್ತ್ಕೋ. ಕೊಡೆ ಹೋದ್ರೂ ಪರವಾಗಿಲ್ಲ, ಆಚಾರ ಬಿಡಲ್ಲ."

ಅದು ಆಚಾರವಲ್ಲ, ಅಭ್ಯಾಸಬಲ ಎಂದು ನಾನು ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಅವರಿಗೆ ಸಾರ್ ಅವರಲ್ಲಿ ಕಂಡ ಕೊರತೆ ಒಂದೇ. ಹೊರಡುವಾಗ ಸಾರ್ "ಬರ್ತೀನಿ" ಎನ್ನುತ್ತಿರಲಿಲ್ಲ, "ಹೋಗ್ತೀನಿ" ಎನ್ನುತ್ತಿದ್ದರು.

"ಅಯ್ಯೋ, ಬರ್ತೀನಿ ಅನ್ನಿ ಮೇಷ್ಟ್ರೇ!"

"ವಾಪಸ್ ಬರೋ ಯೋಚನೆ ಇಟ್ಕೊಂಡು ಹೊರಡಬಾರದು ಅಮ್ಮ. ಹೋಗೋ ಕಡೆ ಗಮನ ಇರಬೇಕು."

"ಗಮನ ಅಲ್ಲೇ ಇರ್ಲಿ, ಬಾಯಲ್ಲಿ ಬರ್ತೀನಿ ಅನ್ನೋಕೇನು?"

"ಹೋಗ್ತೀನಿ ಅಮ್ಮ," ಎಂದು ಸಾರ್ ಸ್ಕೂಟರ್ ಒದೆಯುತ್ತಿದ್ದರು. ಹಿಂದೆ ಕೂತ ನಾನು ಇಬ್ಬರ ಪರವಾಗಿಯೂ "ಬರ್ತೀವಿ ಅಜ್ಜಿ" ಎಂದು ಕೂಗುತ್ತಿದ್ದೆ. ದಿನಾ ಇದೇ ನಾಟಕ.

ನಾನೊಬ್ಬಳೇ ಹಾರಿಸಬಹುದು ಎನ್ನುವಷ್ಟು ಕಲಿಸಿದ ಮೇಲೆ ಒಂದು ಬೆಳಿಗ್ಗೆ ಅದು ಆಯಿತು. ಆ ದಿನ ನಾನು ತಿಂಡಿಯ ಡಬ್ಬಿ ಮರೆತು ಹೊರಟಿದ್ದೆ. ಅಜ್ಜಿ ಡಬ್ಬಿ ಹಿಡಿದುಕೊಂಡು ಗೇಟಿಗೆ ಬಂದರಂತೆ, ಆದರೆ ಹಿಂದಿನಿಂದ ಕರೆಯಬಾರದಲ್ಲ, ಸುಮ್ಮನೆ ನಿಂತರಂತೆ. ಹೀಗಾಗಿ ಖಾಲಿ ಹೊಟ್ಟೆಯಲ್ಲೇ ನಾನು ವಿಮಾನ ಹತ್ತಿದೆ. ಸಾರ್ ರನ್‌ವೇ ಪಕ್ಕದ ಹುಲ್ಲಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದರು.

ವಿಮಾನ ನೆಲ ಬಿಟ್ಟಿತು. ಬೇಲಿ ಕೆಳಗೆ ಹೋಯಿತು, ನೀಲಗಿರಿ ಮರಗಳು ಕೆಳಗೆ ಹೋದವು. ಆಮೇಲೆ ಇಂಜಿನ್ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ನಿಂತಿತು. ಅಷ್ಟು ಹೊತ್ತೂ ಕಾಣದೇ ಇದ್ದ ಪ್ರೊಪೆಲ್ಲರಿನ ರೆಕ್ಕೆಗಳು ಕಣ್ಣೆದುರಿಗೆ ನಿಧಾನವಾಗಿ ತಿರುಗತೊಡಗಿದವು. ಗಾಳಿಯ ಸುಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಸತ್ತೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕೈ ತಾನಾಗಿಯೇ ಮೇಲಕ್ಕೆಳೆಯಲು ಹೊರಟಿತು, ಕತ್ತು ತಾನಾಗಿಯೇ ಹಿಂದಿನ ರನ್‌ವೇ ಕಡೆ ತಿರುಗಲು ಹೊರಟಿತು. ಆಗ ಯಾರೋ "ಮೂಗು!" ಎಂದು ಕಿರುಚಿದರು. ಒಬ್ಬಳೇ ಇದ್ದೆ, ಆದ್ದರಿಂದ ನಾನೇ ಕಿರುಚಿರಬೇಕು. ತಳ್ಳಿದೆ. ಕಿಟಕಿಯ ತುಂಬ ನೆಲ ಬಂತು, ವೇಗವೂ ಬಂತು.

ಎಡಗಡೆ ದೊಡ್ಡ ಬಯಲು, ಹಸಿರಾಗಿ, ಕೈಮಾಡಿ ಕರೆಯುವಂತಿತ್ತು. ಬಲಗಡೆ ಹೊಸ ಲೇಔಟು, ಸೈಟಿನ ಕಲ್ಲುಗಳು, ನಡುವೆ ಒಂದು ಕಿರಿದಾದ ಮಣ್ಣುರಸ್ತೆ. ಎಡಕ್ಕೆ ಹೋಗಬೇಕು ಅಂದುಕೊಂಡೆ. ಬಯಲಿನ ಅಂಚಿನಲ್ಲಿ ಒಂದು ಕಂಬ ಕಂಡಿತು. ಒಂದೇ ಕಂಬ. ಯಾಕೆ ಏನು ಎಂದು ಯೋಚಿಸುವಷ್ಟು ವ್ಯವಧಾನವಿರಲಿಲ್ಲ. ಬಲಕ್ಕೆ ವಾಲಿಸಿದೆ. ಪೆಟ್ರೋಲು ಬಂದ್ ಮಾಡಿದೆ, ಸ್ವಿಚ್ಚುಗಳನ್ನು ಆರಿಸಿದೆ, ಬಾಗಿಲಿನ ಚಿಲಕ ತೆಗೆದೆ. ಚಕ್ರ ಮಣ್ಣಿಗೆ ಬಡಿದು ವಿಮಾನ ಒಮ್ಮೆ ಪುಟಿಯಿತು, ಮತ್ತೆ ಕೂತು, ಗಡಗಡ ಓಡಿ, 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಬೋರ್ಡನ್ನು ರೆಕ್ಕೆಯಿಂದ ಕೆಡವಿ ನಿಂತಿತು.

ಧೂಳು ಇಳಿದ ಮೇಲೆ ನೋಡುತ್ತೇನೆ, ಸ್ವಲ್ಪ ದೂರದಲ್ಲೇ ಒಂದು ಕುಟುಂಬ ಗುದ್ದಲಿ ಪೂಜೆ ಮಾಡುತ್ತಿದೆ. ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿದೆ. ಯಜಮಾನರು ಒಡೆಯಲೆಂದು ಎತ್ತಿದ ತೆಂಗಿನಕಾಯಿ ಎತ್ತಿದ ಹಾಗೇ ಇದೆ. ನಾನು ಬಾಗಿಲು ತೆಗೆದು ಕೆಳಗಿಳಿದೆ. ಅಲ್ಲೇ ಸೈಟಿನ ಕಲ್ಲಿನ ಮೇಲೆ ಕೂತೆ.

ರೇಷ್ಮೆ ಸೀರೆಯ ಹಿರಿಯ ಹೆಂಗಸೊಬ್ಬರು ಮೊದಲು ಚೇತರಿಸಿಕೊಂಡರು. "ಯಾಕ್ರೋ ಹಾಗೆ ನಿಂತಿದೀರಾ? ಪೂಜೆ ಹೊತ್ತಿಗೆ ಹೆಣ್ಣುಮಗು ಮೇಲಿಂದ ಇಳಿದು ಬಂದಿದೆ, ಮೊದಲು ಅರಿಶಿನ ಕುಂಕುಮ ಕೊಡಿ!"

ನಾನು ಬೇಡ ಆಂಟಿ, ನಾನು ಆ ಏರ್‌ಫೀಲ್ಡಿನವಳು, ಇಂಜಿನ್ ನಿಂತುಹೋಯಿತು ಎಂದೆಲ್ಲ ಹೇಳಿದೆ. ಯಾರು ಕೇಳುತ್ತಾರೆ? ಹಣೆಗೆ ಕುಂಕುಮ ಬಂತು, ಕೈಗೆ ತಾಂಬೂಲ ಬಂತು, ದೊನ್ನೆ ತುಂಬ ಕೋಸಂಬರಿ ಬಂತು. ಕೋಸಂಬರಿ ನೋಡಿದ ಮೇಲೆ ನನಗೆ ಡಬ್ಬಿ ಮರೆತದ್ದು ನೆನಪಾಯಿತು. ತಿನ್ನತೊಡಗಿದೆ. ಜೀಪಿನಲ್ಲಿ ಸಾರ್ ಬಂದಿಳಿದಾಗ ಕಂಡದ್ದು ಇದು: ವಿಮಾನದ ಪಕ್ಕ, ಕಲ್ಲಿನ ಮೇಲೆ, ಕುಂಕುಮ ಇಟ್ಟುಕೊಂಡು ಕೋಸಂಬರಿ ತಿನ್ನುತ್ತಿರುವ ಶಿಷ್ಯೆ.

ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ವಿಮಾನವನ್ನು ಒಂದು ಸುತ್ತು ಬಂದರು. ನಾನು ಬಂದ ದಾರಿಯನ್ನೂ ಎಡಗಡೆಯ ಬಯಲನ್ನೂ ತುಂಬ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು ಕೇಳಿದರು.

"ಡಬ್ಬಿ ತಂದಿರ್ಲಿಲ್ವಾ?"

ಅಷ್ಟೇ. ಶಭಾಷ್ ಎನ್ನಲಿಲ್ಲ, ಬೈಯಲೂ ಇಲ್ಲ. ಅವರಿಗೂ ಒಂದು ದೊನ್ನೆ ಕೊಟ್ಟರು. ಕಲ್ಲಿನ ಮೇಲೆ ನನ್ನ ಪಕ್ಕ ಕೂತು ತಿಂದರು. ಹೆಸರುಬೇಳೆ ಬಾಯಿಗೆ ಹೋದದ್ದಕ್ಕಿಂತ ಶರ್ಟಿನ ಮೇಲೆ ಉದುರಿದ್ದೇ ಹೆಚ್ಚು. ಹೊರಡುವಾಗ ಯಜಮಾನರಿಗೆ ಕೈಮುಗಿದು, ಆ ಮಣ್ಣುರಸ್ತೆಯನ್ನು ಆಸೆಯಿಂದ ನೋಡಿ, "ಇಲ್ಲಿ ಮನೆ ಕಟ್ಟಲೇಬೇಕಾ ಸಾರ್?" ಎಂದರು.

ಇಂಜಿನ್ನಿಗೆ ಪೆಟ್ರೋಲು ಹೋಗುವ ದಾರಿಯಲ್ಲಿ ಏನೋ ಕಟ್ಟಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಅಪ್ಪ ಇನ್ನು ಸಾಕು ಎಂದರು, ಅಮ್ಮ ಅತ್ತರು. ಅಜ್ಜಿಯೊಬ್ಬರೇ, "ನಾನು ಹಿಂದಿನಿಂದ ಕರೀಲಿಲ್ಲ ನೋಡಿ, ಅದಕ್ಕೇ ಉಳಿದ್ಲು" ಎಂದು ಕೀರ್ತಿಯನ್ನೆಲ್ಲ ತಾವೇ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಎಂದಿನಂತೆ ಸ್ಕೂಟರ್ ಬಂತು. ಸಾರ್ ಒಳಗೆ ಬಂದು ಅಪ್ಪನ ಎದುರು ಕೂತು, "ಇವತ್ತು ಹಾರಿಸದಿದ್ರೆ ಯಾವತ್ತೂ ಹಾರಿಸಲ್ಲ ಸಾರ್. ನಾನೂ ಪಕ್ಕದಲ್ಲಿ ಕೂತಿರ್ತೀನಿ" ಎಂದರು. ಅಜ್ಜಿ ನನ್ನ ಡಬ್ಬಿಯನ್ನು ತಾವೇ ತಂದು ಸ್ಕೂಟರಿಗೆ ಸಿಕ್ಕಿಸಿದರು. ಹೋದೆ, ಹಾರಿಸಿದೆ.

ಆದರೆ ಒಂದು ಮಾತು ನನ್ನ ಒಳಗೇ ಉಳಿಯಿತು. ಜೊತೆಯ ಹುಡುಗರು, "ನಿನ್ ಲಕ್ಕು ಗುರು, ಅಲ್ಲೊಂದು ರೋಡ್ ಇತ್ತು" ಎನ್ನುತ್ತಿದ್ದರು. ಇರಬಹುದು. ಎಡಗಡೆ ಅಷ್ಟು ದೊಡ್ಡ ಬಯಲಿರುವಾಗ ಕಿರಿದಾದ ರಸ್ತೆಗೆ ಹೋದದ್ದು ಸರಿಯೋ, ಗ್ರಹಚಾರ ನೆಟ್ಟಗಿತ್ತೋ? ಅದನ್ನು ಸಾರ್ ಬಾಯಿಂದಲೇ ಕೇಳಬೇಕಿತ್ತು. ಲೈಸೆನ್ಸ್ ಬಂದ ದಿನ ಸುತ್ತಿಬಳಸಿ ಕೇಳಿದೆ. ಕೆಲಸ ಸಿಕ್ಕ ದಿನ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಹೋಗಿ ನೇರವಾಗಿಯೇ ಕೇಳಿದೆ, "ಸಾರ್, ಆವತ್ತು ನಾನು ಮಾಡಿದ್ದು ಸರೀನಾ?" ಅವರು ಮೈಸೂರ್‌ಪಾಕ್ ಬಾಯಿಗೆ ಹಾಕಿಕೊಂಡು, "ಬೋರ್ಡು ಕೆಡವಿದ್ದೆಯಲ್ಲ" ಎಂದರು. ನೂರಾರು ಜನರನ್ನು ಕೂರಿಸಿಕೊಂಡು ಹಾರುವ ಕೆಲಸಕ್ಕೆ ಸೇರಿದ್ದೆ. ಅಂಥ ಕ್ಷಣ ಮತ್ತೆ ಬಂದರೆ ನನ್ನ ಕಣ್ಣನ್ನು ನಾನು ನಂಬಬಹುದೇ ಎಂಬುದು ನನಗೆ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಸಾರ್ ನಿವೃತ್ತರಾದರು. ನಮ್ಮ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ಸಮಯ. "ಈ ಊರಲ್ಲಿ ಇನ್ನು ಇಳಿಸೋಕೆ ಜಾಗ ಇಲ್ಲ" ಎಂದು ಮೈಸೂರಿಗೆ ಹೊರಟರು. ಹೊರಡುವ ಮುಂಚೆ ಹೇಳಿಹೋಗಲು ಅದೇ ಸ್ಕೂಟರಿನಲ್ಲಿ ಮನೆಗೆ ಬಂದರು. ಮೋಡ ಕವಿದಿತ್ತು, ಕೊಡೆ ತಂದಿದ್ದರು. ಕಾಫಿ ಕುಡಿದರು, ಮೈಸೂರಿನ ಸುತ್ತಮುತ್ತಲ ಬಯಲುಗಳ ಬಗ್ಗೆ ಹೊಸ ಮದುಮಗನ ಉತ್ಸಾಹದಲ್ಲಿ ಮಾತಾಡಿದರು, ಎದ್ದರು.

"ಹೋಗ್ತೀನಿ ಅಮ್ಮ."

"ಇವತ್ತಾದ್ರೂ ಬರ್ತೀನಿ ಅನ್ನಿ ಮೇಷ್ಟ್ರೇ."

ನಕ್ಕರು, ಸ್ಕೂಟರ್ ಒದ್ದರು, ಹೋದರು. ಅಜ್ಜಿ ಒಳಗೆ ತಿರುಗಿ ನೋಡಿದರೆ ಕುರ್ಚಿಗೆ ಕೊಡೆ ನೇತಾಡುತ್ತಿದೆ. ನಾವಿಬ್ಬರೂ ನಗುತ್ತಿರುವಾಗಲೇ, ಇಸ್ತ್ರಿ ಗಾಡಿಯವರೆಗೆ ಹೋದ ಸ್ಕೂಟರ್ ನಿಂತಿತು. ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ತಿರುಗಿತು.

ಇಷ್ಟು ವರ್ಷದಲ್ಲಿ ಅವರು ವಾಪಸು ಬಂದದ್ದನ್ನು ನಾನು ಕಂಡಿರಲಿಲ್ಲ. ಅಜ್ಜಿ ಕೊಡೆ ಹಿಡಿದುಕೊಂಡು ಗೇಟಿಗೆ ಓಡಿದರು.

"ಕೊಡೆಗಲ್ಲ ಅಮ್ಮ," ಎಂದರು ಸಾರ್. "ಇವಳ ಹತ್ರ ಒಂದು ಮಾತಿತ್ತು."

"ಏನೇ ಇರ್ಲಿ, ಮೊದಲು ಕೂತ್ಕೊಳಿ. ನೀರು ಕುಡೀಬೇಕು."

ವಿಧೇಯರಾಗಿ ಕೂತರು. ಅಜ್ಜಿ ತಂದ ನೀರನ್ನು ಪೂರ್ತಿ ಕುಡಿದು, ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ನನಗೆ ಹೇಳಿದರು.

"ಆವತ್ತು ನಾನು ಹುಲ್ಲಲ್ಲಿ ನಿಂತು, ಎಡಕ್ಕೆ ಹೋಗು, ಎಡಕ್ಕೆ ಹೋಗು ಅಂತ ಬಡ್ಕೋತಾ ಇದ್ದೆ ಕಣಮ್ಮ. ನೀನು ಬಲಕ್ಕೆ ಹೋದೆ. ಮುಗೀತು ಅಂದ್ಕೊಂಡೆ. ಸಾಯಂಕಾಲ ಹೋಗಿ ಆ ಬಯಲಲ್ಲಿ ನಡೆದು ನೋಡ್ದೆ. ಅಡ್ಡಡ್ಡ ತಂತಿ ಇತ್ತು. ನಾನು ಹಾರಿಸಿದ್ರೆ ಸಿಕ್ಕಿಹಾಕ್ಕೋತಿದ್ದೆ. ನೀನು ಕಂಬ ನೋಡ್ದೆ, ನಾನು ನೋಡಿರ್ಲಿಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ ಸಾರ್?" ಎಂದೆ. ಅಷ್ಟು ಸಂತೋಷದಲ್ಲೂ ದನಿಯಲ್ಲಿ ಜಗಳವಿತ್ತು.

"ಆವತ್ತೇ ಹೇಳಿದ್ರೆ ನಿನ್ನ ಮೂಗು ಮೇಲೇರ್ತಿತ್ತು. ಈಗ ಪರವಾಗಿಲ್ಲ, ಎತ್ತರ ಇದೆ." ಲೋಟವನ್ನು ಅಜ್ಜಿಯ ಕೈಗೆ ಕೊಟ್ಟು ಎದ್ದರು. "ಎತ್ತರ ಇದ್ರೆ ತಿರುಗಬಹುದು ಅಂತ ಹೇಳಿದ್ನಲ್ಲ."

ಮೆಟ್ಟಿಲಿಳಿದು, ಸ್ಕೂಟರ್ ಒದ್ದು, ಅಜ್ಜಿಯ ಕಡೆ ನೋಡಿದರು.

"ಬರ್ತೀನಿ ಅಮ್ಮ."

ಅಜ್ಜಿಯ ಮುಖ ನೋಡಬೇಕಿತ್ತು, ಗೆದ್ದ ಸಂತೋಷ. ಸ್ಕೂಟರ್ ಇಸ್ತ್ರಿ ಗಾಡಿ ದಾಟಿತು. ಆಗ ನೋಡಿದೆವು, ಕೊಡೆ ಇನ್ನೂ ಅಜ್ಜಿಯ ತೋಳಿಗೇ ನೇತಾಡುತ್ತಿತ್ತು. ನಾನು ಬಾಯಿ ತೆರೆದೆ, ಅಜ್ಜಿ ನನ್ನ ಕೈ ಅದುಮಿದರು. ಸಾರ್ ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ಗೇಟಿನಲ್ಲಿ ನಿಂತೆವು, ಹಿಂದಿನಿಂದ ಕರೆಯಲಿಲ್ಲ.